ಮಧ್ಯದ ಕುರ್ಚಿಯ ತಾತ

ಎಲ್ಲದಕ್ಕೂ ಮೂಲ ಒಂದು ರಟ್ಟಿನ ಚೂರು. ಅದರ ಮೇಲೆ ಅಂದಾಜಪ್ಪ ತನ್ನ ದುಂಡನೆಯ ಅಕ್ಷರದಲ್ಲಿ 'ಈ ಚಿತ್ರದಲ್ಲಿರುವವರ ಗುರುತು ಬಲ್ಲವರು ದಯವಿಟ್ಟು ತಿಳಿಸಿ' ಎಂದು ಬರೆದು, ಪಕ್ಕದಲ್ಲೇ ಫೋಟೋದ ಒಂದು ಪ್ರತಿ ಅಂಟಿಸಿ, ವಸ್ತುಸಂಗ್ರಹಾಲಯದ ಗೇಟಿಗೆ ತೂಗುಹಾಕಿ ಮನೆಗೆ ಹೋಗಿದ್ದ. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆಯಲು ಇದಕ್ಕಿಂತ ಮರ್ಯಾದೆಯ ಆಮಂತ್ರಣವನ್ನು ಯಾರೂ ಬರೆದಿರಲಾರರು.

ಅಂದಾಜಪ್ಪ ಎನ್ನುವುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಗಾಜಿನ ಪೆಟ್ಟಿಗೆಗಳಲ್ಲಿಟ್ಟ ಹಳೆಯ ವಸ್ತುಗಳ ಕೆಳಗೆ ವಿವರದ ಫಲಕ ಬರೆಯುವುದು ಅವನ ಕೆಲಸ. 'ಮಡಕೆ, ಅಂದಾಜು ಮುನ್ನೂರು ವರ್ಷ', 'ಕತ್ತಿ, ಅಂದಾಜು ಯಾವನೋ ಸೇನಾಪತಿಯದು' ಎಂದು ಬರೆದೂ ಬರೆದೂ ಆ ಹೆಸರು ಸಂಪಾದಿಸಿಕೊಂಡಿದ್ದ. ನೌಕರಿ ತಾತ್ಕಾಲಿಕ. ಎಷ್ಟು ವರ್ಷದಿಂದ ತಾತ್ಕಾಲಿಕವೆಂದರೆ, ತಾತ್ಕಾಲಿಕತೆಯೊಂದೇ ಅವನ ಬಾಳಿನಲ್ಲಿ ಕಾಯಂ ಆಗಿ ಉಳಿದಿತ್ತು.

ಫೋಟೋ ಸಿಕ್ಕಿದ್ದು ಗೋಡೆಗೂ ಒಂದು ಹಳೆಯ ಬೀರುವಿಗೂ ನಡುವಿನ ಸಂದಿಯಲ್ಲಿ. ಒಣಹಾಕಿದ ಹೊದಿಕೆಗೆ ಯಾರೋ ತಮಾಷೆಗೆ ಚಕ್ರ ಕಟ್ಟಿದಂತೆ ಕಾಣುವ, ಬಟ್ಟೆಯ ರೆಕ್ಕೆಯ ಒಂದು ವಿಮಾನ. ಅದರ ಮುಂದೆ ಸಮವಸ್ತ್ರ ತೊಟ್ಟ ಒಂಬತ್ತು ಜನ. ನಟ್ಟನಡುವೆ, ಕುರ್ಚಿಯ ಮೇಲೆ, ಆಕಾಶವನ್ನೇ ಗುತ್ತಿಗೆ ಹಿಡಿದವನ ಗತ್ತಿನಲ್ಲಿ ಕೂತ ದಪ್ಪ ಮೀಸೆಯ ನಾಯಕ. ಬಲತುದಿಯಲ್ಲಿ ಬಕೆಟ್ ಹಿಡಿದು ನಿಂತ ಒಬ್ಬ ಸಣಕಲ. ಇನ್ನೊಬ್ಬ ಸೀನಿದನೋ ಏನೋ, ಅವನ ಮುಖವಿರಬೇಕಾದ ಕಡೆ ಬರೀ ಹೊಗೆ. ಹಿಂಬದಿಯಲ್ಲಿ 'ಮೊದಲ ವಿಮಾನ ದಳ' ಎಂಬಷ್ಟು ಮಾತ್ರ ಓದಲು ಬರುತ್ತಿತ್ತು. ಉಳಿದ ಇತಿಹಾಸ ಹುಳಗಳಿಗೆ ರುಚಿಸಿತ್ತು.

ಅಂದಾಜಪ್ಪ ವಾರಗಟ್ಟಲೆ ಭೂತಗನ್ನಡಿ ಹಿಡಿದು ಆ ಒಂಬತ್ತು ಜನರ ಗುಂಡಿ, ಬೆಲ್ಟು, ಬೂಟು ಎಲ್ಲ ನೋಡಿದ. ಗ್ರಂಥಾಲಯದಲ್ಲಿ ವಿಮಾನಗಳ ಮೇಲಿದ್ದ ದಪ್ಪ ಪುಸ್ತಕಗಳನ್ನು ತಿರುವಿಹಾಕಿದ. ಸೈನ್ಯದ ಕಚೇರಿಗೆ ಬರೆದ ಪತ್ರಕ್ಕೆ 'ನಿಮಗೇನಾದರೂ ಗೊತ್ತಾದರೆ ನಮಗೂ ತಿಳಿಸಿ' ಎಂಬ ಉತ್ತರ ಬಂತು. ನೋಡಿದಷ್ಟೂ ಗೊಂದಲವೇ. ವಿಮಾನದ ಚಕ್ರ ಒಂದು ಕಾಲದ್ದು ಎನಿಸಿದರೆ ಟೋಪಿ ಇನ್ನೊಂದು ಕಾಲದ್ದು ಎನಿಸುತ್ತಿತ್ತು.

ಅಷ್ಟರಲ್ಲಿ ನಿರ್ದೇಶಕರು ಆ ಫೋಟೋ ಇಡುವ ಹೊಸ ವಿಭಾಗದ ಉದ್ಘಾಟನೆ ಗೊತ್ತುಮಾಡಿದರು. ಮುಖ್ಯ ಅತಿಥಿ, ವಿಮಾನಪಡೆಯ ಒಬ್ಬ ನಿವೃತ್ತ ಅಧಿಕಾರಿ. "ಆ ಮಧ್ಯದಲ್ಲಿ ಕೂತಿರೋರು ಯಾರು ಅಂತಾದ್ರೂ ಬರೀಬೇಕು ಕಣಯ್ಯಾ. ಇದೊಂದು ಮಾಡು, ನಿನ್ನ ಕಾಯಂ ಆರ್ಡರಿಗೆ ಅವತ್ತೇ ಸಹಿ ಹಾಕ್ತೀನಿ" ಎಂದಿದ್ದರು. ಆ ಮಾತು ಕೇಳಿಯೇ ಅಂದಾಜಪ್ಪ ರಟ್ಟು ತೂಗುಹಾಕಿದ್ದು.

ಉದ್ಘಾಟನೆಯ ದಿನ ಬೆಳಗ್ಗೆ ಅವನು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಹಿತ್ತಲಲ್ಲಿ ನಿಂತಿದ್ದಾಗ, ಕಾಂಪೌಂಡಿನ ಮೇಲೆ ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ತರರ ತಲೆ ಉದಯಿಸಿತು.

"ಏನಪ್ಪಾ, ನಮ್ಮ ತಾತನ್ನ ತಗೊಂಡು ಹೋಗಿ ಗೇಟಿಗೆ ನೇತುಹಾಕಿದೀಯಲ್ಲ!"

ಅಂದಾಜಪ್ಪ ನೊರೆ ನುಂಗಿದ. "ಯಾರು? ಯಾವ ತಾತ?"

"ಮಧ್ಯದಲ್ಲಿ ಕೂತಿದಾರಲ್ಲ, ಅವರೇ. ವಾಕಿಂಗ್ ಹೋದಾಗ ನೋಡ್ದೆ, ಅಲ್ಲೇ ಕಣ್ಣಲ್ಲಿ ನೀರು ಬಂತು. ಮೂಗು ನೋಡು. ಆಮೇಲೆ ನನ್ನ ಮೂಗು ನೋಡು." ಮಾಸ್ತರರು ಪಕ್ಕಕ್ಕೆ ತಿರುಗಿ ಮೂಗು ಪ್ರದರ್ಶಿಸಿದರು. ಮೂಗು ಇದ್ದದ್ದೇನೋ ನಿಜ.

"ನೋಡೋಣ ಮಾಸ್ತರ್ರೇ, ವಿಚಾರಿಸ್ತೀನಿ" ಎಂದು ಒಳಗೆ ಬಂದರೆ, ಊಟದ ಮೇಜಿನ ಮೇಲಿದ್ದ ಫೋಟೋದ ಇನ್ನೊಂದು ಪ್ರತಿಯನ್ನು ಅವನ ಅತ್ತೆ ಕನ್ನಡಕದ ಹತ್ತಿರ ಹಿಡಿದು ಕೂತಿದ್ದರು. ಮಗಳ ಮನೆಗೆ ಎರಡು ದಿನದ ಮಟ್ಟಿಗೆಂದು ಬಂದು ಅವರಿಗಾಗಲೇ ಒಂದು ಬೇಸಿಗೆ ಕಳೆದಿತ್ತು.

"ಅಳಿಯಂದ್ರೇ, ಇವರು ನಮ್ಮ ತಾತ."

"ಯಾರತ್ತೆ? ಈ ಬಕೆಟ್ ಹಿಡಿದಿರೋರಾ?" ಅಂದಾಜಪ್ಪ ಆಸೆಯಿಂದ ಕೇಳಿದ.

ಅತ್ತೆ ಕನ್ನಡಕ ತೆಗೆದು ಅವನನ್ನೇ ದಿಟ್ಟಿಸಿದರು. "ನಮ್ಮ ವಂಶದಲ್ಲಿ ಬಕೆಟ್ ಹಿಡಿದೋರು ಯಾರೂ ಇಲ್ಲ. ಹಿಡಿದಿದ್ರೆ ಅದು ನಮ್ಮ ಅಳಿಯಂದಿರೇ. ಕುರ್ಚಿ ಮೇಲೆ ಕೂತಿದಾರಲ್ಲ, ಅವರು. ಎಡಗಾಲು ಒಳಗೆ ತಿರುಗಿಸಿ ಕೂರೋದು ನೋಡಿ. ನಾವೆಲ್ಲ ಹಾಗೇ ಕೂರೋದು."

ಅಂದಾಜಪ್ಪ ಮೇಜಿನ ಕೆಳಗೆ ಬಗ್ಗಿ ನೋಡಿದ. ಅತ್ತೆಯ ಎಡಗಾಲು ಒಳಗೆ ತಿರುಗಿತ್ತು. ಅದು ಬೆಳಗಿನಿಂದಲೇ ತಿರುಗಿತ್ತೋ, ಫೋಟೋ ನೋಡಿದ ಮೇಲೆ ತಿರುಗಿತೋ, ಹೇಳುವುದು ಕಷ್ಟ.

"ಆದ್ರೆ ಪಕ್ಕದ ಮನೆ ಮಾಸ್ತರರು ಅವರ ತಾತ ಅಂತಾರಲ್ಲ…"

ಅಡುಗೆಮನೆಯಿಂದ ಹೆಂಡತಿ ಹೊರಗೆ ಬಂದಳು. "ಕಾಂಪೌಂಡ್ ಆಚೆಯೋರ ಮಾತು ನಂಬ್ತೀರಿ, ನಮ್ಮಮ್ಮನ ಮಾತು ನಂಬಲ್ಲ. ನಮ್ಮ ತವರಿನೋರು ಅಂದ್ರೆ ನಿಮಗೆ ಯಾವತ್ತೂ ಅಷ್ಟಕ್ಕಷ್ಟೇ. ಸಂಜೆ ನಾನೂ ಅಮ್ಮನೂ ಬರ್ತೀವಿ. ಬೋರ್ಡಿನ ಮೇಲೆ ತಾತನ ಹೆಸರು ಇರಬೇಕು. ಇರಲಿಲ್ಲ ಅಂದ್ರೆ…" ವಾಕ್ಯ ಮುಗಿಸದೆ ಒಳಗೆ ಹೋದಳು. ಅವಳು ಮುಗಿಸದೆ ಬಿಟ್ಟ ವಾಕ್ಯಗಳಿಗೆ ಅಂದಾಜಪ್ಪ ಹೆಚ್ಚು ಹೆದರುತ್ತಿದ್ದ.

ಸಂಜೆಗೆ ಮುಖ ಲಕ್ಷಣವಾಗಿರಲೆಂದು ಅವನು ದಾರಿಯಲ್ಲಿ ಕ್ಷೌರದಂಗಡಿಗೆ ಹೊಕ್ಕ. ಕ್ಷೌರಿಕ ಗಲ್ಲಕ್ಕೆ ಸೋಪು ಹಚ್ಚಿ, ಕತ್ತಿಯನ್ನು ಕೊರಳ ಹತ್ತಿರ ತಂದು, ಮೆಲ್ಲಗೆ ಮಾತು ತೆಗೆದ.

"ಅಣ್ಣಾ, ಗೇಟಲ್ಲಿ ಫೋಟೋ ನೋಡ್ದೆ. ಮಧ್ಯದಲ್ಲಿ ಕೂತಿರೋರು…"

"ನಿಮ್ಮ ತಾತಾನಾ?" ಅಂದಾಜಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಅಲ್ಲಣ್ಣಾ, ಅವರು ಯಾರೋ ನನಗೆ ಗೊತ್ತಿಲ್ಲ. ಮೀಸೆ ನಮ್ಮ ತಾತಂದು."

"ಅಂದ್ರೆ?"

"ಮೀಸೆಯ ಆ ಕಟಿಂಗ್ ನಮ್ಮ ತಾತನ್ನ ಬಿಟ್ರೆ ಬೇರೆ ಯಾರಿಗೂ ಬರ್ತಿರಲಿಲ್ಲ. ತುದೀಲಿ ಸುರುಳಿ ನೋಡಿ. ಮನುಷ್ಯ ಯಾರಾದ್ರೂ ಆಗ್ಲಿ, ನನಗೆ ತಕರಾರಿಲ್ಲ. ಮೀಸೆ ಕೆಳಗೆ ನಮ್ಮ ತಾತನ ಹೆಸರು ಬಂದ್ರೆ ಸಾಕು." ಕತ್ತಿ ಇನ್ನೂ ಕೊರಳ ಬಳಿಯೇ ಇದ್ದುದರಿಂದ ಅಂದಾಜಪ್ಪ ಒಪ್ಪಿಕೊಂಡ.

ಸಂಗ್ರಹಾಲಯದ ಬಾಗಿಲಲ್ಲಿ ಜಾತ್ರೆ ನೆರೆದಂತಿತ್ತು. ಅವನು ಅಲ್ಲಿ ಸೇರಿದಂದಿನಿಂದ ಇಷ್ಟು ಜನ ಒಟ್ಟಿಗೆ ಬಂದದ್ದನ್ನು ನೋಡಿರಲಿಲ್ಲ, ಮಳೆ ಬಂದಾಗ ನಿಲ್ಲಲು ಬಂದವರನ್ನು ಬಿಟ್ಟರೆ. ಟಿಕೆಟ್ ಕೌಂಟರಿನ ಅಕ್ಕ ಎಲ್ಲರಿಗೂ ಟಿಕೆಟ್ ಹರಿದು ಸಾಲಾಗಿ ನಿಲ್ಲಿಸಿದ್ದಳು.

"ಇವರೆಲ್ಲ ಯಾರಕ್ಕಾ?"

"ಮೊಮ್ಮಕ್ಕಳು" ಎಂದಳು ಅಕ್ಕ. "ನಾನು ಬುದ್ಧಿವಂತಿಕೆ ಮಾಡಿ, ಯಾವ ಮುಖದೋರು ಆ ಮುಖದ ಹಿಂದೆ ನಿಂತ್ಕೊಳ್ಳಿ ಅಂತ ಒಂಬತ್ತು ಸಾಲು ಮಾಡಿಸ್ದೆ. ನೋಡಿದ್ರೆ ಎಲ್ಲಾ ಒಂದೇ ಸಾಲಲ್ಲಿ ನಿಂತವರೆ."

ನಿಜವೇ. ಎಂಟು ಜನಕ್ಕೆ ಹಿಂದಿಲ್ಲ ಮುಂದಿಲ್ಲ. ಕುರ್ಚಿಯ ಮೇಲೆ ಕೂತವನಿಗೆ ಮಾತ್ರ ಬೀದಿ ತುಂಬುವಷ್ಟು ಸಂತಾನ. ಗೆದ್ದೆತ್ತಿನ ಬಾಲ ಹಿಡಿಯುವ ಜನ ಕುರ್ಚಿಯಲ್ಲಿ ಕೂತವನ ಕಾಲು ಬಿಡುತ್ತಾರೆಯೇ?

ಅಂದಾಜಪ್ಪ ಒಂದು ಉಪಾಯ ಹೂಡಿದ. ಮಾರುಕಟ್ಟೆಯಲ್ಲಿ ಉಳಿದ ತರಕಾರಿ ಸಾಗಹಾಕುವವನಂತೆ ಫೋಟೋ ಹಿಡಿದು ಸಾಲಿನುದ್ದಕ್ಕೂ ನಡೆದ. "ಇವರನ್ನ ನೋಡಿ, ಎಡಗಡೆಯಿಂದ ಎರಡನೆಯೋರು, ಒಳ್ಳೇ ಲಕ್ಷಣವಾಗಿದಾರೆ. ನಿಮಗೆ ಒಪ್ತಾರೆ. ಇವರಾದ್ರೆ ಎತ್ತರ. ಈ ಹೊಗೆ ಮುಖದೋರು ನಿಮ್ಮ ತಾತ ಅಂದ್ರೆ ಯಾರೂ ಅಲ್ಲ ಅನ್ನೋಕಾಗಲ್ಲ, ನೋಡಿ." ಯಾರೂ ಕೊಳ್ಳಲಿಲ್ಲ. ಪೋಸ್ಟ್ ಮಾಸ್ತರರು ಆಗಲೇ ಸಾಲಿನ ಮುಂದಿದ್ದರು. ಬಕೆಟ್ಟಿನವನನ್ನು ತೋರಿಸಿದಾಗ ಅವರಿಗೆ ಸಿಟ್ಟು ಬಂದು, "ಇನ್ನು ನಮ್ಮ ಮನೆ ಕಡೆಯ ಕಾಂಪೌಂಡಿನ ಮೇಲೆ ನಿಮ್ಮ ಬಟ್ಟೆ ಒಣಹಾಕಿದ್ರೆ ನೋಡು" ಎಂದುಬಿಟ್ಟರು.

ಇಂಗು ತಿಂದ ಮಂಗನಂತೆ ಒಳಗೆ ಬಂದವನನ್ನು ನಿರ್ದೇಶಕರು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಧ್ವನಿ ತಗ್ಗಿಸಿದರು.

"ಹೊರಗಿನ ಗಲಾಟೆ ಬಿಡು. ಆ ಮಧ್ಯದಲ್ಲಿ ಕೂತಿರೋರನ್ನ ರಾತ್ರಿಯೆಲ್ಲ ಯೋಚನೆ ಮಾಡ್ದೆ. ಆ ಗಾಂಭೀರ್ಯ, ಆ ನೋಟ. ಎಲ್ಲೋ ನೋಡಿದೀನಲ್ಲ ಅನ್ನಿಸ್ತು. ಬೆಳಗ್ಗೆ ಕನ್ನಡೀಲಿ ಮುಖ ನೋಡ್ಕೊಂಡೆ. ಗೊತ್ತಾಯ್ತು."

"ಏನು ಗೊತ್ತಾಯ್ತು ಸಾರ್?" ಕೇಳುವ ಮೊದಲೇ ಅಂದಾಜಪ್ಪನಿಗೆ ಉತ್ತರ ಗೊತ್ತಾಗಿತ್ತು.

"ನಮ್ಮ ತಾತ." ನಿರ್ದೇಶಕರು ಮೇಜಿನ ಮೇಲಿದ್ದ ಆರ್ಡರಿನ ಹಾಳೆಯನ್ನು ನವಿರಾಗಿ ತಟ್ಟಿದರು. "ನಾನೇ ಬರೆಸಿದೆ ಅನ್ನಿಸ್ಬಾರದು. ನೀನು ಸಂಶೋಧನೆ ಮಾಡಿ ಕಂಡುಹಿಡಿದ ಹಾಗಿರ್ಬೇಕು. ಅರ್ಥ ಆಯ್ತಲ್ಲ?"

ಅಂದಾಜಪ್ಪನ ಪರಿಸ್ಥಿತಿ ಅತ್ತ ದರಿ ಇತ್ತ ಹುಲಿ ಎಂದರೆ ಸಾಲದು; ದರಿಯೊಳಗೂ ಒಂದು ಹುಲಿ ಕಾಲು ಚಾಚಿ ಕೂತಿತ್ತು. ಅತ್ತೆಯ ತಾತನ ಹೆಸರು ಬರೆದರೆ ನೌಕರಿ ಹೋಯಿತು. ನಿರ್ದೇಶಕ ಸಾಹೇಬರದು ಬರೆದರೆ ಸಂಸಾರ ಹೋಯಿತು. ಮಾಸ್ತರರದು ಬರೆಯದಿದ್ದರೆ ಬಟ್ಟೆ ಒಣಗುವುದಿಲ್ಲ. ಕ್ಷೌರಿಕನದು ಬರೆಯದಿದ್ದರೆ ಜೀವನಪೂರ್ತಿ ಗಡ್ಡ ಬಿಡಬೇಕು. ಅವನು ತನ್ನ ಮೇಜಿಗೆ ಬಂದು ಕೂತು ಮತ್ತೆ ಭೂತಗನ್ನಡಿ ಎತ್ತಿಕೊಂಡ. ಅಷ್ಟು ಹೊತ್ತು ನೋಡಿದ ಮೇಲೆ ಮೂಗು ಮಾಸ್ತರರದೇ, ಕಾಲು ಅತ್ತೆಯದೇ, ನೋಟ ಸಾಹೇಬರದೇ ಎನಿಸತೊಡಗಿತು. ಇಷ್ಟು ಜನರನ್ನು ಒಂದೇ ದೇಹದಲ್ಲಿ ಹೊತ್ತು ಆ ಮನುಷ್ಯ ಹಾರಿದ್ದಾದರೂ ಹೇಗೆ?

ಮಧ್ಯಾಹ್ನ ಕಳೆಯುವ ಹೊತ್ತಿಗೆ ಅವನಿಗೊಂದು ಬುದ್ಧಿ ಹೊಳೆಯಿತು. ಹೊಸ ಫಲಕ ತೆಗೆದುಕೊಂಡು ಬರೆದ: 'ಮಧ್ಯದಲ್ಲಿ ಕುಳಿತವರು ದಳದ ನಾಯಕರು. ಇದೇ ಊರಿನ ಗಣ್ಯ ಮನೆತನವೊಂದರ ಹಿರಿಯರು.'

ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಹೀಗಿರಬೇಕು. ಸಾಹೇಬರು ಓದಿ, "ಭೇಷ್! ವಿನಯವಾಗಿದೆ. ಆದ್ರೂ ಯಾರು ಅಂತ ಎಲ್ಲರಿಗೂ ಗೊತ್ತಾಗತ್ತೆ" ಎಂದರು. ಮಾಸ್ತರರು ಓದಿ ಮೂಗು ಒರೆಸಿಕೊಂಡರು. ಸಂಜೆ ಹೆಂಡತಿಯೊಂದಿಗೆ ಬಂದ ಅತ್ತೆ ಓದಿ, "ಗಣ್ಯ ಅಂದ್ರೆ ನಾವೇ ಅಲ್ವೇನೇ?" ಎಂದು ಮಗಳ ಕೈ ಅದುಮಿದರು. ಕ್ಷೌರಿಕ ಮಾತ್ರ "ಮೀಸೆ ವಿಷಯ?" ಎಂದ. ಅದನ್ನು ಸಂಗ್ರಹಾಲಯದ ಪುಸ್ತಕದಲ್ಲಿ ಬೇರೆಯಾಗಿ ಬರೆಯುವುದಾಗಿ ಹೇಳಿ ಅವನನ್ನು ಕೂರಿಸಲಾಯಿತು.

ಸಂಗ್ರಹಾಲಯದ ಹಿಂಬಾಗಿಲ ಬಳಿ ನಿಂತು ಟೀ ಕುಡಿಯುತ್ತ, ಹಲವು ವರ್ಷಗಳ ಮೇಲೆ ಮೊದಲ ಸಲ, ಅಂದಾಜಪ್ಪನಿಗೆ ತಾನು ಬುದ್ಧಿವಂತ ಎನಿಸಿತು.

ಮುಖ್ಯ ಅತಿಥಿ ಬಂದರು. ಬಿಳಿ ಹುಬ್ಬಿನ, ಕೋಲಿನಷ್ಟೇ ನೆಟ್ಟಗಿನ ಮುದುಕ. ಪರದೆ ಸರಿಸಿದರು. ಫೋಟೋ ನೋಡಿದರು. ಇನ್ನಷ್ಟು ಹತ್ತಿರ ಹೋದರು. ಆಮೇಲೆ ಅವರ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆಂದುಕೊಂಡು ಮುಂದಿನ ಸಾಲಿನ ಮೊಮ್ಮಕ್ಕಳೆಲ್ಲ ಕರವಸ್ತ್ರ ತೆಗೆದರು. ಅವರು ತಿರುಗಿದಾಗ ಕಂಡದ್ದು ನಗು; ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಸುರಿಸುತ್ತ ನಗುವ ನಗು.

"ಇವನಾ! ಅಯ್ಯಯ್ಯೋ, ಇವನು ಇಲ್ಲಿದಾನಾ!"

ಕರವಸ್ತ್ರಗಳು ಮೆಲ್ಲಗೆ ಕಿಸೆ ಸೇರಿದವು.

"ಕ್ಷಮಿಸಿ" ಎಂದು ಅವರು ಕಣ್ಣೊರೆಸಿಕೊಂಡರು. "ನಮ್ಮ ಕಾಲದಲ್ಲಿ ವಿಮಾನ ಹಾರಿಸೋದು ಕಲಿಯೋಕೆ ಸೇರಿದ ಮೊದಲ ದಿನ ಮೇಷ್ಟ್ರು ಎಲ್ಲರಿಗೂ ಈ ಮುಖ ತೋರಿಸ್ತಿದ್ರು. 'ಚೆನ್ನಾಗಿ ನೋಡ್ಕೊಳ್ಳಿ, ಹೀಗಾಗಬೇಡಿ' ಅಂತ. ಈ ದಳಕ್ಕೆ ಇದ್ದದ್ದು ಇದೊಂದೇ ವಿಮಾನ. ಯುದ್ಧದ ಮೊದಲ ದಿನ ಈ ಮಹಾಶಯನಿಗೆ ಹೇಳಿದ್ರು, ಮೇಲೆ ಹೋಗು, ಶತ್ರು ಎಲ್ಲಿದಾನೆ ನೋಡು, ವಾಪಸ್ ಬಂದು ಹೇಳು. ಹೋದ. ನೋಡಿದ. ನಕ್ಷೆ ತಲೆಕೆಳಗಾಗಿ ಹಿಡ್ಕೊಂಡಿದ್ದ. ಕೆಳಗೆ ಡೇರೆ ಕಂಡ್ವು, ನಮ್ಮದೇ ಅಂದ್ಕೊಂಡು ಇಳಿದ. ನೇರ ಸೇನಾಪತಿಯ ಡೇರೆಗೆ ಹೋಗಿ ಸೆಲ್ಯೂಟ್ ಹೊಡೆದು, ಶತ್ರು ಎಲ್ಲೆಲ್ಲಿದಾನೆ, ಎಷ್ಟಿದಾನೆ, ಎಲ್ಲಾ ವರದಿ ಒಪ್ಪಿಸಿದ. ಆ ಸೇನಾಪತಿ ಪೂರ್ತಿ ಕೇಳಿ, ಟೀ ಕೊಡಿಸಿ, 'ಭಾಳ ಸರಿಯಾಗಿ ಹೇಳಿದೆ ಕಣಪ್ಪಾ, ನಾವು ಅಲ್ಲೇ ಇರೋದು' ಅಂದನಂತೆ!"

ಹಿಂದಿನ ಸಾಲುಗಳು ಬಿದ್ದು ಬಿದ್ದು ನಕ್ಕವು. ಮುಂದಿನ ಸಾಲು ಮಾತ್ರ ಮೈಯೆಲ್ಲ ಕಲ್ಲಾಗಿ ಕೂತಿತ್ತು.

"ವಿಮಾನ ಅಲ್ಲೇ ಉಳೀತು. ಉಳಿದ ಎಂಟು ಜನಕ್ಕೆ ಸೈಕಲ್ ಕೊಟ್ರು. ಯುದ್ಧ ಮುಗಿದ ಮೇಲೆ ಇವನನ್ನ ಬಿಟ್ಟುಬಿಟ್ರು, ನಡಕೊಂಡು ಬರೋವಾಗ್ಲೂ ದಾರಿ ತಪ್ಪಿದನಂತೆ. ಅಲ್ಲಿಂದಾಚೆಗೆ ಅವನೂ ಇಲ್ಲ, ಅವನ ಮನೆಯೋರೂ ಇಲ್ಲ. ಎಷ್ಟು ಹುಡುಕಿದೀವಿ ಗೊತ್ತಾ?" ಅತಿಥಿಗಳು ಬಗ್ಗಿ ಫಲಕ ಓದಿದರು. "ಓಹೋ! 'ಇದೇ ಊರಿನ ಗಣ್ಯ ಮನೆತನ!' ಯಾವುದು ಆ ಮನೆತನ? ಯಾರಾದ್ರೂ ಬಂದಿದಾರಾ?"

ಮುಂದಿನ ಸಾಲಿನಲ್ಲಿ ಕೆಮ್ಮು ಶುರುವಾಯಿತು. ಮಾಸ್ತರರು ಮೂಗನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ನಮ್ಮ ತಾತನ ಮೂಗು ಇನ್ನೂ ದೊಡ್ಡದು" ಎಂದು ಗೊಣಗಿದರು. ಅತ್ತೆ ಎಡಗಾಲನ್ನು ಸರಕ್ಕನೆ ನೆಟ್ಟಗೆ ಮಾಡಿಕೊಂಡು, "ಆ ಬಕೆಟ್ ಹಿಡಿದಿರೋರು ಇದಾರಲ್ಲ, ಅವರು ನಮ್ಮೋರು" ಎಂದರು. "ಬಕೆಟ್ಟಿನೋರು ನಮ್ಮ ತಾತ!" ಎಂದು ಹಿಂದಿನಿಂದ ಇನ್ನಿಬ್ಬರು ಎದ್ದರು. ಮಧ್ಯದ ಕುರ್ಚಿಯಿಂದ ಎಷ್ಟು ದೂರವೋ ಅಷ್ಟು ಒಳ್ಳೆಯದೆಂದು, ಬೆಳಗಿನಿಂದ ದಿಕ್ಕಿಲ್ಲದೆ ನಿಂತಿದ್ದ ಸಣಕಲನನ್ನು ಕ್ಷಣದಲ್ಲಿ ಮೊಮ್ಮಕ್ಕಳು ಮುತ್ತಿಕೊಂಡರು. ಮೀಸೆಯೂ ತನ್ನ ತಾತನದಲ್ಲವೆಂದು ಕ್ಷೌರಿಕ ಯಾರೂ ಕೇಳದಿದ್ದರೂ ಸಾರಿದ.

"ಹಾಗಾದ್ರೆ ಈ ನಾಯಕ ಯಾರ ಕಡೆಯೋನು?" ಅತಿಥಿಗಳು ನಿರ್ದೇಶಕರತ್ತ ನೋಡಿದರು.

ನಿರ್ದೇಶಕರ ಗಾಂಭೀರ್ಯ ಬೆವರಾಗಿ ಇಳಿಯುತ್ತಿತ್ತು. "ಸಂಶೋಧನೆ ಮಾಡಿದ್ದು ನಮ್ಮ ಸಹಾಯಕರು, ಸಾರ್. ಅವರನ್ನೇ ಕೇಳ್ಬೇಕು" ಎಂದು ಅಂದಾಜಪ್ಪನನ್ನು ತೋಳು ಹಿಡಿದು ಮುಂದಕ್ಕೆ ತಳ್ಳುತ್ತ ಕಿವಿಯಲ್ಲಿ ಉಸುರಿದರು: "ನನ್ನ ಹೆಸರು ಎತ್ತಿದ್ಯೋ, ಆರ್ಡರ್ ಹರಿದು ಹಾಕ್ತೀನಿ."

ಅಂದಾಜಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅವನ ಪರವಾಗಿ ಅತ್ತೆ ಎದ್ದು ನಿಂತರು.

"ಹೇಳೋಕೆ ಸಂಕೋಚ ಅವರಿಗೆ. ನಮ್ಮ ಅಳಿಯಂದಿರ ಮುತ್ತಾತ ಇವರು! ನೋಡಿದ್ರೇ ಗೊತ್ತಾಗಲ್ವೇ? ಉಪ್ಪು ತರೋಕೆ ಮೂಲೆ ಅಂಗಡಿಗೆ ಕಳಿಸಿದ್ರೆ ಬಸ್ ಸ್ಟ್ಯಾಂಡ್ ಹತ್ರ ಸಿಗ್ತಾರೆ."

"ಹೌದೌದು" ಎಂದರು ಮಾಸ್ತರರು. "ಆ ಪೆಚ್ಚುಮೋರೆ ನೋಡಿ, ಅಚ್ಚು ಹಾಕಿದ ಹಾಗಿದೆ."

ಅಂದಾಜಪ್ಪ ಹೆಂಡತಿಯ ಮುಖ ನೋಡಿದ. ಅವಳು 'ಹೂಂ ಅನ್ನಿ' ಎಂಬಂತೆ ಕಣ್ಸನ್ನೆ ಮಾಡಿದಳು. ಸಾಹೇಬರು ಕಿಸೆಯಿಂದ ಆರ್ಡರಿನ ಹಾಳೆಯ ತುದಿ ತೋರಿಸಿದರು. "ಹೂಂ" ಎಂದುಬಿಟ್ಟ. ಅತಿಥಿಗಳು ಅವನನ್ನು ಬಾಚಿ ತಬ್ಬಿಕೊಂಡು, ತಮಗೆ ಕೊಟ್ಟಿದ್ದ ಹೂಗುಚ್ಛವನ್ನು ಅವನ ಕೈಗೇ ಇಟ್ಟು, ಫೋಟೋದ ಪಕ್ಕ ನಿಲ್ಲಿಸಿದರು. ಸುತ್ತ ಮೊಬೈಲುಗಳು ಮಿನುಗಿದವು.

ಎಲ್ಲರೂ ಹೋದ ಮೇಲೆ ಅವನು ಸಾಹೇಬರ ಕೋಣೆಗೆ ಹೋಗಿ, "ಸಾರ್, ಆರ್ಡರ್" ಎಂದ.

ಸಾಹೇಬರು ಹಾಳೆಯನ್ನು ಖಾನೆಯೊಳಗಿಟ್ಟು ಬೀಗ ಹಾಕಿದರು. "ಅದೇ ಬೇಜಾರು ನೋಡು. ಪ್ರದರ್ಶನದಲ್ಲಿ ಇರೋರ ವಂಶದೋರನ್ನ ಇಲ್ಲಿ ಕಾಯಂ ಮಾಡೋ ಹಾಗಿಲ್ಲ. ನಿಯಮ."

"ಸಾರ್! ಬೆಳಗ್ಗೆ ನಿಮ್ಮ ತಾತ ಅಂದ್ರಲ್ಲ ಸಾರ್?"

"ನಾನು ಆಗಲೇ ಕಾಯಂ ಅಲ್ವೇನಯ್ಯಾ."

ಅಂದಾಜಪ್ಪ ಮನೆಗೆ ಬಂದ. ಊಟಕ್ಕೆ ಕೂತ. ಕೊನೆಗೆ ತಟ್ಟೆ ಸರಿಸಿ ಗಟ್ಟಿ ಮನಸ್ಸು ಮಾಡಿದ. "ನಾಳೆ ಬೆಳಗ್ಗೆ ಎದ್ದವನೇ ಹೋಗಿ ಸಾಹೇಬರಿಗೆ ಬರೆದುಕೊಡ್ತೀನಿ. ಎಲ್ಲರೂ ಸೇರಿ ಬಲವಂತ ಮಾಡಿದ್ರಿ, ಅದಕ್ಕೆ ಹೂಂ ಅಂದೆ, ಅವನಿಗೂ ನನಗೂ ಯಾವ ಸಂಬಂಧವೂ ಇಲ್ಲ ಅಂತ. ಆಗ ಹೇಗೆ ಸಹಿ ಹಾಕಲ್ಲ ನೋಡೇಬಿಡ್ತೀನಿ." ಹೆಂಡತಿಗೂ ಅದು ಸರಿ ಎನಿಸಿತು. ಅತ್ತೆ ಕೂಡ, "ಬಕೆಟ್ಟಿನೋರ ವಿಷಯ ಮಾತ್ರ ಬರೀಬೇಡಿ, ಅದು ನಿಜ" ಎಂದು ಒಪ್ಪಿಗೆ ಕೊಟ್ಟರು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ದೂರದೂರಿನಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮ.

"ಯಾರೋ ನಿನಗೆ ಹೇಳಿದ್ದು?" ಅಮ್ಮನ ಧ್ವನಿ ನಡುಗುತ್ತಿತ್ತು. "ನಿಮ್ಮಣ್ಣನ ಮೊಬೈಲಿಗೆ ವಿಡಿಯೋ ಬಂದಿದೆ. ಆ ಫೋಟೋ ಪಕ್ಕ ಹೂವು ಹಿಡ್ಕೊಂಡು ಹಲ್ಲು ಕಿರಿತಾ ನಿಂತಿದೀಯ!"

"ಅಯ್ಯೋ ಅದಾ? ಗಾಬರಿ ಆಗ್ಬೇಡಮ್ಮ. ಎಲ್ಲಾ ಸುಳ್ಳು. ನೌಕರಿ ಆಸೆಗೆ ಹೂಂ ಅಂದೆ, ಅಷ್ಟೇ."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಸುಳ್ಳು ಅಂತ ಯಾರಪ್ಪಾ ಅಂದ್ರು? ನಿಮ್ಮಪ್ಪನ ತಾತ ಕಣೋ ಅವರು! ಆ ಪುಣ್ಯಾತ್ಮ ಮಾಡಿದ ಕೆಲಸಕ್ಕೆ ತಲೆ ಎತ್ತೋಕಾಗದೆ ಮನೆಯೋರೆಲ್ಲ ಊರು ಬಿಟ್ಟು, ಮನೆತನದ ಹೆಸರೂ ಬದಲಾಯಿಸ್ಕೊಂಡ್ರು. ಮದುವೆ ಆಗಿ ಬಂದ ದಿನವೇ ನಮ್ಮತ್ತೆ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ರು. ಮೂರು ತಲೆಮಾರು ಮುಚ್ಚಿಟ್ಟಿದ್ದನ್ನ ಊರ ಮುಂದೆ ನಿಂತು ಒಪ್ಕೊಂಡು ಬಂದಿದೀಯಲ್ಲೋ, ಮಹಾರಾಯ! ನಿಮ್ಮಣ್ಣ ಆಗಲೇ ಬೀದೀಲಿ ಎಲ್ಲರಿಗೂ 'ಅವನು ನನ್ನ ತಮ್ಮನೇ ಅಲ್ಲ' ಅಂತ ಹೇಳ್ಕೊಂಡು ಬಂದ."

ಅಂದಾಜಪ್ಪ ಫೋನು ಕೆಳಗಿಟ್ಟು, ಮೇಜಿನ ಮೇಲಿದ್ದ ಫೋಟೋದ ಪ್ರತಿಯನ್ನು ಕೈಗೆತ್ತಿಕೊಂಡು ಕೂತ.

"ಯಾಕ್ರೀ ಹಾಗೆ ಕೂತ್ರಿ? ಬೇಗ ಮಲಗಿ" ಎಂದಳು ಹೆಂಡತಿ. "ಬೆಳಗ್ಗೆ ಎದ್ದು ಸಾಹೇಬರ ಹತ್ರ ಹೋಗಿ ಅವನು ನಮ್ಮ ಮುತ್ತಾತ ಅಲ್ಲ ಅಂತ ಬರೆದುಕೊಡಬೇಕಲ್ಲ?"

"ಇಲ್ಲ ಕಣೇ" ಎಂದ ಅಂದಾಜಪ್ಪ. "ಸುಳ್ಳು ಬರೆದುಕೊಡೋದು ತಪ್ಪಾಗತ್ತೆ."